ಹೆಸರಿಲ್ಲದ ಪೂರ್ವಜರ ಹುಡುಕಾಟ

ಅಮೆರಿಕದ ಲೇಖಕ ಅಲೆಕ್ಸ್ ಹೇಲಿ ಬಾಲ್ಯದಲ್ಲಿ ಟೆನೆಸ್ಸಿ ರಾಜ್ಯದ ಹೆನಿಂಗ್ ಎಂಬ ಪುಟ್ಟ ಊರಿನ ಅಜ್ಜಿಯ ಮನೆಯಲ್ಲಿ, ಜಗಲಿಯ ಮೇಲೆ ಕುಳಿತು ಮನೆತನದ ಕತೆ ಕೇಳಿದವರು. ಗುಲಾಮಗಿರಿಯ ಕಾಲದ ಆ ಕತೆಗಳಲ್ಲಿ ಟಾಮ್ ಮರ್ರೆ ಎಂಬ ಕಮ್ಮಾರನೂ ಇದ್ದ. ಆತ ನಿಜವಾಗಿ ಬದುಕಿದ್ದವನೇ? 1960ರ ದಶಕದಲ್ಲಿ ಹೇಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗಿ, ಉತ್ತರ ಕೆರೊಲಿನಾದ ಅಲಮಾನ್ಸ್ ಕೌಂಟಿಯ 1870ರ ಜನಗಣತಿಯ ಮೈಕ್ರೋಫಿಲ್ಮ್ ಸುರುಳಿಗಳನ್ನು ತಿರುಗಿಸತೊಡಗಿದರು. ಕೊನೆಗೂ ಟಾಮ್, ಅವನ ಹೆಂಡತಿ ಐರೀನ್, ಮಕ್ಕಳು ಸಾಲಾಗಿ ಕಾಣಿಸಿಕೊಂಡರು. ಅವರಲ್ಲಿ ಆರು ವರ್ಷದ ಎಲಿಜಬೆತ್ ಬೇರೆ ಯಾರೂ ಅಲ್ಲ, ಹೇಲಿ ಚಿಕ್ಕಂದಿನಲ್ಲಿ ಕಂಡಿದ್ದ ಅಜ್ಜಿಯ ಅಕ್ಕ!

ಹೇಲಿ 1870ರ ಗಣತಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅಮೆರಿಕದಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆಯುತ್ತಿದೆ. 1840ರವರೆಗೆ ಮನೆಯ ಯಜಮಾನನ ಹೆಸರಷ್ಟೇ ದಾಖಲಾಗುತ್ತಿತ್ತು. 1850ರಿಂದ ಸ್ವತಂತ್ರರಾದ ಎಲ್ಲರ ಹೆಸರನ್ನೂ ಬರೆಯತೊಡಗಿದರು. ಗುಲಾಮರಿಗೆ ಮಾತ್ರ ಬೇರೆಯೇ ಪಟ್ಟಿ. ಅದರಲ್ಲಿ ಹೆಸರು ಒಡೆಯನದು. ಅದರ ಕೆಳಗೆ ಗುಲಾಮರ ವಯಸ್ಸು, ಲಿಂಗ, ಮೈಬಣ್ಣ. 1860ರಲ್ಲಿ 39 ಲಕ್ಷಕ್ಕೂ ಹೆಚ್ಚು ಗುಲಾಮರನ್ನು ಎಣಿಸಲಾಯಿತಾದರೂ ಬಹುತೇಕ ಯಾರ ಹೆಸರನ್ನೂ ಬರೆಯಲಿಲ್ಲ. 1865ರಲ್ಲಿ ಗುಲಾಮಗಿರಿ ರದ್ದಾದ ನಂತರ, 1870ರಲ್ಲಿ ಅವರೆಲ್ಲ ಮೊದಲ ಬಾರಿಗೆ ಹೆಸರು ಪಡೆದರು. ಆದ್ದರಿಂದಲೇ ವಂಶಾವಳಿ ಹುಡುಕುವ ಕರಿಯ ಜನ ಇದನ್ನು '1870ರ ಗೋಡೆ' ಎನ್ನುತ್ತಾರೆ.

ಗೋಡೆ ದಾಟುವುದು ಸುಲಭವಲ್ಲ. ಬಿಡುಗಡೆಯಾದವರಲ್ಲಿ ಕೆಲವರು ಹಳೆಯ ಒಡೆಯನ ಅಡ್ಡಹೆಸರನ್ನೇ ಉಳಿಸಿಕೊಂಡರೆ, ಇನ್ನು ಕೆಲವರು ಹೊಸದನ್ನು ಆರಿಸಿಕೊಂಡರು. ಗಣತಿದಾರ ಕಿವಿಗೆ ಬಿದ್ದಂತೆ ಹೆಸರು ಬರೆದುಕೊಂಡ. ಎಷ್ಟೋ ವಯಸ್ಸುಗಳು ಅಂದಾಜಿನವು. ಒಂದೇ ಸೂರಿನಡಿ ಇದ್ದವರ ಪರಸ್ಪರ ಸಂಬಂಧವನ್ನು 1870ರಲ್ಲಿ ಕೇಳಲೇ ಇಲ್ಲ. ಆ ಪ್ರಶ್ನೆ ಸೇರಿದ್ದು 1880ರಲ್ಲಿ.

ಹೀಗಾಗಿ ಹುಡುಕುವವರು ಪೂರ್ವಜನನ್ನು ಬಿಟ್ಟು ಆತನ ಒಡೆಯನ ಬೆನ್ನು ಹತ್ತಬೇಕು. ಅಕ್ಕಪಕ್ಕದ ಬಿಳಿಯ ಜಮೀನುದಾರರನ್ನು ಗುರುತಿಸಿ, 1870ರ ವಯಸ್ಸಿನಲ್ಲಿ ಹತ್ತು ಕಳೆದು, 1860ರ ಗುಲಾಮರ ಪಟ್ಟಿಯೊಂದಿಗೆ ತಾಳೆ ನೋಡಬೇಕು. ವಯಸ್ಸು ಹೊಂದಿದರೆ ಒಡೆಯನ ಉಯಿಲು, ಕ್ರಯಪತ್ರ, ಆಸ್ತಿಪಟ್ಟಿಗಳನ್ನು ಹುಡುಕಬೇಕು. ಅಲ್ಲಿ ದನಕರು, ನೇಗಿಲುಗಳ ಜೊತೆಯಲ್ಲೇ ಗುಲಾಮನ ಹೆಸರು, ಎದುರಿಗೆ ಬೆಲೆ ಸಿಗಬಹುದು. ವಿಮೋಚಿತರಿಗಾಗಿ 1865ರಲ್ಲಿ ಆರಂಭವಾಗಿ 1874ರಲ್ಲಿ ಮುಳುಗಿದ ಫ್ರೀಡ್‌ಮನ್ಸ್ ಬ್ಯಾಂಕಿನ ಖಾತೆ ಪುಸ್ತಕಗಳೂ ನೆರವಾಗುತ್ತವೆ. ಬಡವರ ಉಳಿತಾಯ ಹೋಯಿತು. ಅವರು ಬರೆಸಿದ ತಂದೆತಾಯಿ, ಒಡಹುಟ್ಟಿದವರ ಹೆಸರುಗಳು ಉಳಿದವು.

ಹೇಲಿ ಇನ್ನೂ ಹಿಂದಕ್ಕೆ ಹೋದರು. ನಮ್ಮ ಹೆಳವರಂತೆ ವಂಶಾವಳಿಯನ್ನು ಬಾಯಲ್ಲೇ ಉಳಿಸಿಕೊಂಡು ಬಂದವರು ಪಶ್ಚಿಮ ಆಫ್ರಿಕದ ಗ್ರಿಯೋಗಳು. ಗ್ಯಾಂಬಿಯಾದಲ್ಲಿ ಕೇಳಿದ ಅಂಥ ಮಾತನ್ನು ನಂಬಿ, ಕುಂಟಾ ಕಿಂಟೆ ತಮ್ಮ ಮೂಲಪುರುಷನೆಂದು ಅವರು 1976ರ 'ರೂಟ್ಸ್' ಕೃತಿಯಲ್ಲಿ ಬರೆದರು. ಪುಸ್ತಕ ಜಗತ್ಪ್ರಸಿದ್ಧವಾಯಿತು. ಆದರೆ ಗೋಡೆಯ ಆಚೆಗಿನ ಈ ಕತೆಗೆ ದಾಖಲೆಗಳ ಬೆಂಬಲವಿಲ್ಲವೆಂದು ನಂತರದ ಸಂಶೋಧಕರು ಆಕ್ಷೇಪಿಸಿದರು.

ಅಮೆರಿಕದ ಗಣತಿ ಹಾಳೆಗಳು 72 ವರ್ಷಗಳ ಬಳಿಕವಷ್ಟೇ ಸಾರ್ವಜನಿಕರಿಗೆ ತೆರೆದುಕೊಳ್ಳುತ್ತವೆ. 1950ರವು 2022ರಲ್ಲಿ ಹೊರಬಂದವು. ಹುಡುಕಹೊರಟವರು ಅಲ್ಲಿಂದ ಒಂದೊಂದೇ ತಲೆಮಾರು ಹಿಂದಕ್ಕೆ ಸರಿಯಬಹುದು. ಆದರೆ ಅದಕ್ಕೂ ಮೊದಲು ಕೇಳಬೇಕಾದವರು ಮನೆಯ ಹಿರಿಯರು. ಜಗಲಿಯ ಮಾತು ಕಿವಿಗೆ ಬಿದ್ದಿರದಿದ್ದರೆ, ಆ ಸುರುಳಿಯಲ್ಲಿ ಯಾವ ಹೆಸರನ್ನು ಹುಡುಕಬೇಕೆಂಬುದೇ ಹೇಲಿಗೆ ಗೊತ್ತಾಗುತ್ತಿರಲಿಲ್ಲ.