ಹೈಪರ್‌ಕನ್ವರ್ಜ್ಡ್ ಹಾಕಿಸಿದರೆ ಬ್ಯಾಕಪ್ ಬೇಡವೇ?

"ಹೈಪರ್‌ಕನ್ವರ್ಜ್ಡ್ ಸರ್ವರ್ ಹಾಕಿಸಿ, ಡೇಟಾ ಹೋಗುವ ಭಯವೇ ಇಲ್ಲ" ಎಂಬ ಮಾತು ನಿಜವೇ? ಅರ್ಧ ಮಾತ್ರ ನಿಜ.

ಹಳೆಯ ಪದ್ಧತಿ: ಸರ್ವರ್, ಸ್ಟೋರೇಜ್, ಜೋಡಿಸುವ ನೆಟ್‌ವರ್ಕ್ ಎಲ್ಲವೂ ಬೇರೆ ಬೇರೆ. ಡೇಟಾ ಬೆಳೆದರೆ ಸ್ಟೋರೇಜ್ ಮಾತ್ರ ಹೆಚ್ಚಿಸಬಹುದು. ಆದರೆ ನೋಡಿಕೊಳ್ಳಲು ನುರಿತವರು ಬೇಕು.

ಹೈಪರ್‌ಕನ್ವರ್ಜ್ಡ್: ಡಿಸ್ಕ್‌ಗಳು ಸರ್ವರ್‌ನೊಳಗೇ ಇರುತ್ತವೆ. ಸಾಮಾನ್ಯವಾಗಿ 2-3 ಸರ್ವರ್‌ಗಳನ್ನು ಸಾಫ್ಟ್‌ವೇರ್ ಒಂದಾಗಿಸಿ, ಡೇಟಾವನ್ನು ಒಂದಕ್ಕಿಂತ ಹೆಚ್ಚು ಕಡೆ ಬರೆಯುತ್ತದೆ. ಒಂದು ಕೆಟ್ಟರೂ ಕೆಲಸ ನಿಲ್ಲುವುದಿಲ್ಲ. ನಿರ್ವಹಣೆಯೂ ಸುಲಭ.

ಹಾಗಾದರೆ ಅಪಾಯವೆಲ್ಲಿ? ಆ ಪ್ರತಿಗಳು ಸಾಮಾನ್ಯವಾಗಿ ಒಂದೇ ಕೋಣೆಯಲ್ಲಿರುತ್ತವೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಉಕ್ಕಿ ಜಮಖಂಡಿ, ಮುಧೋಳ ಭಾಗದಲ್ಲಿ ನೀರು ನುಗ್ಗಿದ್ದನ್ನು ನೆನಪಿಸಿಕೊಳ್ಳಿ. ಅಂಥ ನೀರು ಕೋಣೆಗೆ ಬಂದರೆ ಎಲ್ಲ ಪ್ರತಿಗಳೂ ಒಟ್ಟಿಗೆ ಹೋಗುತ್ತವೆ. ಕೈತಪ್ಪಿ ಅಳಿಸಿದ ಫೈಲ್ ಎಲ್ಲ ಪ್ರತಿಗಳಲ್ಲೂ ಅಳಿಯುತ್ತದೆ. ರಾನ್ಸಮ್‌ವೇರ್ ಹಾಕುವ ಬೀಗವೂ ಹಾಗೆಯೇ.

ಯಾರಿಗೆ ಯಾವುದು? ರಬಕವಿ-ಬನಹಟ್ಟಿಯ ಸಣ್ಣ ಸೀರೆ ವ್ಯಾಪಾರದ ಲೆಕ್ಕಕ್ಕೆ ಎರಡೂ ಬೇಡ. ಒಂದು ಕಂಪ್ಯೂಟರ್ ಮತ್ತು ಬ್ಯಾಕಪ್ ಸಾಕು. ಹಲವು ಸಾಫ್ಟ್‌ವೇರ್ ನಡೆಸುವ, ಐಟಿ ಸಿಬ್ಬಂದಿ ಕಡಿಮೆ ಇರುವ ಸಕ್ಕರೆ ಕಾರ್ಖಾನೆಗೆ ಹೈಪರ್‌ಕನ್ವರ್ಜ್ಡ್ ಒಪ್ಪೀತು. ಡೇಟಾ ಮಾತ್ರ ಬೆಳೆಯುತ್ತಿದ್ದರೆ ಹಳೆಯ ಪದ್ಧತಿಯೇ ಅಗ್ಗವಾಗಬಹುದು.

ನಾವು ಹೇಳುವುದಿಷ್ಟೇ: ಯಾವುದನ್ನೇ ಕೊಂಡರೂ ಡೇಟಾದ 3 ಪ್ರತಿ, 2 ಬಗೆಯ ಸಾಧನ, 1 ಪ್ರತಿ ಬೇರೆ ಊರಿನಲ್ಲಿ. ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನು ಮಾಡಿ.