ಪರದೇಶದ ಕೊಲೆ, ನಮ್ಮ ಕಟ್ಟೆಯ ತೀರ್ಪು

ನವರಾತ್ರಿಯ ಹೊತ್ತಿಗೆ ದೇವರಗುಡ್ಡದಲ್ಲಿ ಮಾಲತೇಶನ ಕಾರ್ಣಿಕ. ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಅನ್ನುತ್ತಲೇ ಗುಡ್ಡದ ತುಂಬ ನೆರೆದ ಜನ ಉಸಿರು ಹಿಡಿಯುತ್ತಾರೆ. ಅವರ ಬಾಯಿಂದ ಬರುವುದು ಒಂದೇ ಸಾಲು. ಕೆಳಗೆ ಬೀಳುವ ಅವರನ್ನು ಭಕ್ತರು ಕೈಯಲ್ಲಿ ಹಿಡಿದುಕೊಳ್ಳುವುದರೊಳಗೆ ಅರ್ಥ ಹಚ್ಚುವ ಕೆಲಸ ಶುರುವಾಗಿರುತ್ತದೆ. ರೈತನಿಗೆ ಅದು ಮಳೆಯ ಮಾತು, ರಾಜಕಾರಣಿಗೆ ಗದ್ದುಗೆಯ ಮಾತು, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗೆ ದರದ ಮಾತು. ವರ್ಷ ಕಳೆದ ಮೇಲೆ ಎಲ್ಲರ ಅರ್ಥವೂ ಒಂದಲ್ಲ ಒಂದು ರೀತಿ ಹೊಂದಿಕೊಂಡಿರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆ ನುಡಿ ಎಲ್ಲರಿಗೂ ಸೇರಿದ್ದು.

ಅದೇ ಅಭ್ಯಾಸ ಕೊಲೆಯ ಸುದ್ದಿಗೂ ಅಂಟಿಕೊಂಡಾಗ ನನಗೆ ಸಂಕಟವಾಗುತ್ತದೆ. ಊರು ಬಿಟ್ಟು, ದೇಶ ಬಿಟ್ಟು ಹೋದ ಯಾರೋ ಒಬ್ಬರು ಸತ್ತರು ಅನ್ನುವ ಸುದ್ದಿ ಟಿವಿಯಲ್ಲಿ ಬಂದ ಸಂಜೆ ಚಹದಂಗಡಿಯಲ್ಲಿ ಕೊಲೆಗಾರನ ಪತ್ತೆಯಾಗಿ, ಮರುದಿನ ರಾಣೆಬೆನ್ನೂರಿನ ಬಸ್ಸಿನಲ್ಲಿ ಶಿಕ್ಷೆಯೂ ಆಗಿಬಿಡುತ್ತದೆ. ಇಲ್ಲಿ ಅರ್ಥ ಹಚ್ಚಿದ್ದು ಬೀಳುವುದು ಒಂದು ಮನೆಯ ಮೇಲೆ. ಇಂಥ ಮಾತುಕತೆಯಲ್ಲಿ ನಾನು ಮತ್ತೆ ಮತ್ತೆ ಕೇಳಿದ ಕೆಲವು ನಂಬಿಕೆಗಳನ್ನು ಎತ್ತಿಕೊಂಡು, ಸಂಗತಿ ಏನು ಅನ್ನುವುದನ್ನು ಹೇಳುತ್ತೇನೆ.

“ಅಲ್ಲೀ ಪೊಲೀಸರು ನಮ್ಮವರ ಕೇಸ್ ಮುಚ್ಚಿಹಾಕ್ತಾರ್ರಿ”

2015ರ ಮಾರ್ಚ್ 7, ಶನಿವಾರ ರಾತ್ರಿ. ಬೆಂಗಳೂರಿನ ಐಟಿ ಕಂಪನಿಯೊಂದರ ಕೆಲಸದ ಮೇಲೆ ಸಿಡ್ನಿಯಲ್ಲಿದ್ದ ಕರಾವಳಿ ಮೂಲದ ಕನ್ನಡನಾಡಿನ ಮಹಿಳೆಯೊಬ್ಬರು ಕೆಲಸ ಮುಗಿಸಿ ಪರಾಮಟ್ಟಾ ಪಾರ್ಕಿನ ದಾರಿಯಲ್ಲಿ ಮನೆಗೆ ನಡೆದುಹೋಗುತ್ತಿದ್ದರು. ಬೆಂಗಳೂರಿನಲ್ಲಿದ್ದ ಪತಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗಲೇ ಯಾರೋ ಅವರಿಗೆ ಚಾಕುವಿನಿಂದ ಇರಿದರು. ಮನೆ ಕೂಗಳತೆಯ ದೂರದಲ್ಲಿತ್ತು. ಇನ್ನೇನು ಕೆಲವೇ ವಾರಗಳಲ್ಲಿ ಊರಿಗೆ ಮರಳುವವರಿದ್ದರು. ಅವರ ಹೆಸರು ಆಗ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು, ನಾನು ಇಲ್ಲಿ ಬರೆಯುವುದಿಲ್ಲ. ಊಹೆಗಳ ಜೊತೆ ಆ ಹೆಸರು ಸಾಕಷ್ಟು ಸುತ್ತಾಡಿದೆ.

ಪರದೇಶದ ಸಾವಿನ ಬಗ್ಗೆ ಕನ್ನಡಿಗರು ಇಷ್ಟು ತರ್ಕ ಕಟ್ಟಿದ ಪ್ರಕರಣ ಇನ್ನೊಂದು ನನಗೆ ನೆನಪಿಲ್ಲ. ಜನಾಂಗ ದ್ವೇಷ ಅಂದವರು ಕೆಲವರು, ಸುಪಾರಿ ಅಂದವರು ಕೆಲವರು, ದಾರಿಗಳ್ಳರು ಅಂದವರು ಮತ್ತೆ ಕೆಲವರು. ನ್ಯೂ ಸೌತ್ ವೇಲ್ಸ್ ಪೊಲೀಸರು ಇದಕ್ಕಾಗಿಯೇ ಪ್ರತ್ಯೇಕ ತಂಡ ಕಟ್ಟಿದರು, ಅವರ ಪತ್ತೇದಾರರು ಭಾರತದವರೆಗೂ ಬಂದು ವಿಚಾರಿಸಿ ಹೋದರು. ಕೊಲೆಗಾರ ಸಿಕ್ಕಲಿಲ್ಲ ಅನ್ನುವುದು ಒಂದು ಸಂಗತಿ, ಮುಚ್ಚಿಹಾಕಿದರು ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಅದರದೇ ಪುರಾವೆ ಬೇಕು. ಕತ್ತಲಲ್ಲಿ, ನೋಡಿದವರಿಲ್ಲದ ಜಾಗದಲ್ಲಿ, ಕೆಲವೇ ಕ್ಷಣಗಳಲ್ಲಿ ನಡೆದ ದಾಳಿಯನ್ನು ಬಿಡಿಸುವುದು ಯಾವ ದೇಶದ ಪೊಲೀಸರಿಗೂ ಸುಲಭವಲ್ಲ.

“ಮತ್ತ ನಮ್ಮ ಪೊಲೀಸ್ರು ಹೋಗಿ ಹಿಡಕೊಂಡು ಬರಬೇಕಲ್ಲ?”

ಹಾಗೆ ಆಗುವುದಿಲ್ಲ. ಅಪರಾಧ ಯಾವ ನೆಲದಲ್ಲಿ ನಡೆಯಿತೋ ತನಿಖೆಯ ಅಧಿಕಾರ ಮೊದಲು ಆ ನೆಲದ್ದು. ಸಿಡ್ನಿಯಲ್ಲಿ ನಮ್ಮ ಪೊಲೀಸ್ ಅಧಿಕಾರಿ ಒಂದು ಮನೆಯ ಬಾಗಿಲು ಬಡಿದು ಶೋಧಿಸುವಂತಿಲ್ಲ. ಆರೋಪಿ ಭಾರತದ ಪ್ರಜೆಯಾಗಿದ್ದರೆ ಹೊರಗೆ ಮಾಡಿದ ಕೃತ್ಯಕ್ಕೂ ನಮ್ಮ ಕಾನೂನು ಅನ್ವಯಿಸುತ್ತದೆ. ಆದರೆ ಅಂಥ ವಿಚಾರಣೆಗೆ ಕೇಂದ್ರ ಸರ್ಕಾರದ ಮಂಜೂರಾತಿ ಬೇಕು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 188ನೆಯ ಕಲಮು ಹೇಳುತ್ತಿದ್ದ ಈ ಮಾತು ಈಗ ನಾಗರಿಕ ಸುರಕ್ಷಾ ಸಂಹಿತೆಯ 208ರಲ್ಲಿದೆ. ಇನ್ನು ಆ ದೇಶದ ಸಾಕ್ಷ್ಯ ಇಲ್ಲಿಗೆ, ಇಲ್ಲಿಯದು ಅಲ್ಲಿಗೆ ಹೋಗಬೇಕಾದರೆ ಸರ್ಕಾರದಿಂದ ಸರ್ಕಾರಕ್ಕೆ ಕಾಗದ ನಡೆಯಬೇಕು. ಭಾರತ ಮತ್ತು ಆಸ್ಟ್ರೇಲಿಯಾ ಇದಕ್ಕಾಗಿಯೇ 2008ರಲ್ಲಿ ಒಪ್ಪಂದ ಮಾಡಿಕೊಂಡಿವೆ. ಈ ಕಾಗದದ ನಡಿಗೆ ನಿಧಾನ. ಹೊರಗೆ ಕೂತವರಿಗೆ ಅದು ಮೌನದ ಹಾಗೆ ಕಾಣುತ್ತದೆ, ಮೌನವನ್ನು ನಾವು ಸಂಚು ಅಂತ ಓದುತ್ತೇವೆ.

“ಹೆಣ ಬರಾಕ ಇಷ್ಟ್ ದಿನ ಯಾಕ? ಏನೋ ಮುಚ್ಚಿಡಾಕತ್ತಾರ”

ಈ ಮಾತಿಗೆ ಉತ್ತರ ನಮ್ಮ ರಾಣೆಬೆನ್ನೂರು ತಾಲೂಕಿನಲ್ಲೇ ಇದೆ. ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ಉಕ್ರೇನಿನ ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದದ್ದು 2022ರ ಮಾರ್ಚ್ 1ರಂದು. ಪಾರ್ಥಿವ ಶರೀರ ಊರು ಮುಟ್ಟಿದ್ದು ಮಾರ್ಚ್ 21ಕ್ಕೆ. ಯುದ್ಧ ನಡೆದಿದ್ದ ನೆಲದಿಂದ ಒಂದು ಪೆಟ್ಟಿಗೆಯನ್ನು ಹೊರಗೆ ತರಲು ಹಿಡಿದ ಕಾಲ ಅದು. ತಂದೆತಾಯಿ ದರ್ಶನ ಮುಗಿಸಿ ಮಗನ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಆ ಇಪ್ಪತ್ತು ದಿನ ಆ ಮನೆಯವರು ಹೇಗೆ ಕಳೆದಿರಬೇಕು ಅನ್ನುವುದನ್ನು ಈ ಸೀಮೆಯ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಶಾಂತಿಯ ಕಾಲದಲ್ಲೂ ಒಂದು ವಾರ, ಎರಡು ವಾರ ಹಿಡಿಯುವುದು ಅಸಹಜವಲ್ಲ. ಕೊಲೆಯಾದರೆ ಮೊದಲು ಮರಣೋತ್ತರ ಪರೀಕ್ಷೆ, ಆಮೇಲೆ ಅಲ್ಲಿನ ಪೊಲೀಸರ ಒಪ್ಪಿಗೆ, ಮರಣ ಪ್ರಮಾಣಪತ್ರ, ದೇಹ ಕೆಡದಂತೆ ಸಂಸ್ಕರಿಸಿದ ಪತ್ರ, ರಾಯಭಾರ ಕಚೇರಿಯ ನಿರಾಕ್ಷೇಪಣೆ, ಪಾಸ್‌ಪೋರ್ಟ್ ರದ್ದತಿ. ಇವೆಲ್ಲ ಆದ ಮೇಲೆ ವಿಮಾನದ ಮಾತು. ಪರದೇಶದವರು ಸತ್ತರೆ ಅವರ ದೇಶದ ಕಚೇರಿಗೆ ತಡಮಾಡದೆ ತಿಳಿಸಬೇಕೆಂದು 1963ರ ವಿಯೆನ್ನಾ ಒಡಂಬಡಿಕೆ ಹೇಳುತ್ತದೆ. ನಮ್ಮವರಿಗೆ ಕಷ್ಟ ಬಂದರೆ ಮೊದಲು ಫೋನ್ ಮಾಡಬೇಕಾದ್ದು ಆ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿಗೆ, ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲೂ ದೂರು ದಾಖಲಿಸಬಹುದು.

“ಮುಳುಗಿ ಸತ್ತಾರ ಅಂದ್ರ ಅದು ಸುಳ್ಳ”

ಇದನ್ನು ಪೂರ್ತಿ ಸುಳ್ಳು ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಯಾಕೆಂದರೆ ಒಮ್ಮೆ ಇದು ನಿಜವಾಗಿತ್ತು. 2008ರ ಫೆಬ್ರುವರಿ 18ರಂದು ಗೋವಾದ ಅಂಜುನಾ ಕಡಲತೀರದಲ್ಲಿ ಬ್ರಿಟನ್ನಿನ 15 ವರ್ಷದ ಹುಡುಗಿಯ ಶವ ಸಿಕ್ಕಿತು. ಪೊಲೀಸರು ಮೊದಲು ಹೇಳಿದ್ದು ಆಕಸ್ಮಿಕವಾಗಿ ಮುಳುಗಿ ಸಾವು ಎಂದು. ತಾಯಿ ಒಪ್ಪಲಿಲ್ಲ, ಮತ್ತೊಂದು ಮರಣೋತ್ತರ ಪರೀಕ್ಷೆಗೆ ಪಟ್ಟು ಹಿಡಿದಳು. ಎರಡನೆಯ ಪರೀಕ್ಷೆಯಲ್ಲಿ ಮೈಮೇಲೆ ಐವತ್ತಕ್ಕೂ ಹೆಚ್ಚು ಗಾಯದ ಗುರುತು ಕಂಡವು. ಕೊಲೆಯ ಕೇಸು ದಾಖಲಾಯಿತು, ತನಿಖೆ ಸಿಬಿಐಗೆ ಹೋಯಿತು. 2016ರಲ್ಲಿ ಗೋವಾದ ಮಕ್ಕಳ ನ್ಯಾಯಾಲಯ ಇಬ್ಬರು ಆರೋಪಿಗಳನ್ನೂ ಬಿಡುಗಡೆ ಮಾಡಿತು. 2019ರಲ್ಲಿ ಬಾಂಬೆ ಹೈಕೋರ್ಟ್ ಅವರಲ್ಲಿ ಒಬ್ಬನನ್ನು ದೋಷಿಯೆಂದು ಕಂಡು ಹತ್ತು ವರ್ಷದ ಶಿಕ್ಷೆ ವಿಧಿಸಿತು, ಇನ್ನೊಬ್ಬನ ಬಿಡುಗಡೆಯನ್ನು ಎತ್ತಿಹಿಡಿಯಿತು. ಹನ್ನೊಂದು ವರ್ಷದ ದಾರಿ.

ಇದನ್ನು ಹೇಳಿದಾಗಲೆಲ್ಲ “ನೋಡ್ರಿ, ಪೊಲೀಸರ ಮಾತು ನಂಬಬಾರದು ಅಂತ ನಾವು ಹೇಳಿದ್ದೇ ಖರೆ ಆತು” ಎಂದು ಯಾರಾದರೂ ಅನ್ನುತ್ತಾರೆ. ಆದರೆ ಆ ತಾಯಿ ಮಾಡಿದ್ದೇನು ಅನ್ನುವುದನ್ನು ಗಮನಿಸಬೇಕು. ಮಗಳ ಮೈಯನ್ನು ಮತ್ತೊಮ್ಮೆ ನೋಡಿ ಅಂದಳು. ಪ್ರಕರಣವನ್ನು ತಿರುಗಿಸಿದ್ದು ಆ ಬೇಡಿಕೆ, ವೈದ್ಯರ ಮೇಜಿನ ಮೇಲೆ ಕಂಡ ಗಾಯಗಳು. ಬೀಚಿನ ಅಂಗಡಿಗಳಲ್ಲಿ ಹುಟ್ಟಿದ ನೂರು ಕಥೆಗಳಲ್ಲಿ ಒಂದೂ ನ್ಯಾಯಾಲಯದಲ್ಲಿ ನಿಲ್ಲುವಂಥದ್ದಲ್ಲ. ಸಂಶಯಪಡುವುದು ಪ್ರತಿಯೊಬ್ಬರ ಹಕ್ಕು. ಸಂಶಯವನ್ನು ಪರೀಕ್ಷೆಯ ಬೇಡಿಕೆಯಾಗಿ ಇಡುವುದಕ್ಕೂ ಒಬ್ಬನ ಹೆಸರಾಗಿ ಹೇಳುವುದಕ್ಕೂ ಬಹಳ ಅಂತರ.

ನೀರಿನಲ್ಲಿ ಸಿಕ್ಕ ಶವ ನಿಜಕ್ಕೂ ಕಷ್ಟದ್ದು. ಮುಳುಗಿ ಸತ್ತರೋ, ಸತ್ತ ಮೇಲೆ ನೀರಿಗೆ ಬಿದ್ದರೋ ಎಂಬುದನ್ನು ಶ್ವಾಸಕೋಶದ ಸ್ಥಿತಿ, ಬಾಯಿ ಮೂಗಿನ ನೊರೆ, ಮೂಳೆಯ ಮಜ್ಜೆಯಲ್ಲಿ ನೀರಿನ ಸೂಕ್ಷ್ಮ ಪಾಚಿ ಸಿಗುತ್ತದೋ ಇಲ್ಲವೋ ಅನ್ನುವುದನ್ನೆಲ್ಲ ಜೋಡಿಸಿ ಹೇಳಬೇಕು. ಯಾವ ಒಂದು ಗುರುತೂ ತಾನೊಂದೇ ಸಾಕಾಗುವುದಿಲ್ಲ. ಸಾವಿನ ಹೊತ್ತಿನ ವಿಷಯವೂ ಹಾಗೆಯೇ. ಸಿನಿಮಾದ ಡಾಕ್ಟರು ‘ರಾತ್ರಿ ಹನ್ನೊಂದೂ ಕಾಲು’ ಅನ್ನುತ್ತಾನೆ. ನಿಜವಾದ ಡಾಕ್ಟರು ಇಷ್ಟು ತಾಸಿನಿಂದ ಇಷ್ಟು ತಾಸಿನೊಳಗೆ ಅನ್ನುತ್ತಾರೆ. ಮೈ ಸೆಟೆದುಕೊಳ್ಳುವುದು ನಮ್ಮ ಬೇಸಿಗೆಯಲ್ಲಿ ಬೇಗ ಬಂದು ಬೇಗ ಹೋಗುತ್ತದೆ, ಚಳಿಯ ದೇಶದಲ್ಲಿ ಎಳೆದಾಡುತ್ತದೆ.

“ಮಂಪರು ಪರೀಕ್ಷೆ ಮಾಡಿದ್ರ ಎಲ್ಲಾ ಹೊರಗ ಬರ್ತೈತಿ”

ಈ ನಂಬಿಕೆಗೆ ಉತ್ತರ ಕೊಟ್ಟ ಪ್ರಕರಣದಲ್ಲಿ ನಮ್ಮ ರಾಜ್ಯದ ಹೆಸರೇ ಇದೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. 2010ರ ಮೇ 5ರಂದು ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಮಂಪರು ಪರೀಕ್ಷೆ, ಸುಳ್ಳು ಪತ್ತೆ ಯಂತ್ರ, ಮೆದುಳಿನ ನಕ್ಷೆ, ಇವನ್ನು ಯಾರ ಮೇಲೂ ಬಲವಂತದಿಂದ ಮಾಡುವಂತಿಲ್ಲ. ಒಪ್ಪಿ ಮಾಡಿಸಿಕೊಂಡರೂ ಆ ಉತ್ತರಗಳೇ ಸಾಕ್ಷ್ಯವಾಗುವುದಿಲ್ಲ, ಅವುಗಳ ಜಾಡು ಹಿಡಿದು ಹೊಸದಾಗಿ ಸಿಕ್ಕ ವಸ್ತು ಅಥವಾ ಮಾಹಿತಿಯನ್ನಷ್ಟೇ ಪರಿಗಣಿಸಬಹುದು. ಔಷಧಿಯ ಅಮಲಿನಲ್ಲಿ ಮನುಷ್ಯ ನಿಜ ಹೇಳಿಯೇ ಹೇಳುತ್ತಾನೆ ಅನ್ನುವುದೂ ತಪ್ಪು. ಕೇಳಿದ ಪ್ರಶ್ನೆಯೇ ಕನಸಿನ ಹಾಗೆ ಉತ್ತರವಾಗಿ ಹೊರಬರಬಹುದು. ‘ಪೊಲೀಸರ ಮುಂದೆ ಬಾಯಿ ಬಿಟ್ಟ’ ಎಂಬ ಸುದ್ದಿಗೂ ಇದೇ ಅಳತೆ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ನಮ್ಮ ನ್ಯಾಯಾಲಯಗಳು ಆರೋಪಿಯ ವಿರುದ್ಧ ಸ್ವೀಕರಿಸುವುದಿಲ್ಲ.

“ಡಿಎನ್‌ಎ ಸಿಕ್ತಂದ್ರ ಮುಗೀತು”

ಇಟಲಿಯ ಪೆರೂಜಾದಲ್ಲಿ 2007ರ ನವೆಂಬರ್ 1ರ ರಾತ್ರಿ ಬ್ರಿಟನ್ನಿನ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. ಪರದೇಶದ ಕೊಲೆಯೊಂದರ ಮೇಲೆ ಜಗತ್ತಿನ ಹವ್ಯಾಸಿ ಪತ್ತೇದಾರರು ಅಷ್ಟು ಬಡಿದಾಡಿದ ಇನ್ನೊಂದು ಪ್ರಕರಣ ಸಿಗುವುದು ಅಪರೂಪ. ಜೊತೆಗಿದ್ದ ಅಮೆರಿಕದ ಅಮಾಂಡಾ ನಾಕ್ಸ್ ಮತ್ತು ಆಕೆಯ ಗೆಳೆಯ 2009ರಲ್ಲಿ ದೋಷಿಗಳಾದರು, 2011ರಲ್ಲಿ ಬಿಡುಗಡೆಯಾದರು, 2014ರಲ್ಲಿ ಮತ್ತೆ ದೋಷಿಗಳಾದರು, 2015ರಲ್ಲಿ ಇಟಲಿಯ ಅತ್ಯುನ್ನತ ನ್ಯಾಯಾಲಯ ಕೊಲೆಯ ಆರೋಪದಿಂದ ಪೂರ್ತಿ ಬಿಡುಗಡೆ ಮಾಡಿತು. ಗೆಳೆಯನ ಮೇಲಿನ ದೊಡ್ಡ ಪುರಾವೆ ಒಳಉಡುಪಿನ ಒಂದು ಕೊಂಡಿ. ಅದರ ಮೇಲೆ ಅವನ ಡಿಎನ್‌ಎ ಇತ್ತು ಎಂದರು. ಆದರೆ ಆ ಕೊಂಡಿಯನ್ನು ಎತ್ತಿಕೊಂಡದ್ದು ಕೊಲೆಯಾಗಿ 46 ದಿನಗಳ ಮೇಲೆ, ಅಷ್ಟರಲ್ಲಿ ಆ ಕೋಣೆಯಲ್ಲಿ ಎಷ್ಟೋ ಜನ ಓಡಾಡಿದ್ದರು. ಬ್ಯಾಡಗಿ ಮಾರುಕಟ್ಟೆಯಲ್ಲಿ ಬೇರೆಯವರ ರಾಶಿಯ ಕಾಯಿ ನಿಮ್ಮ ಚೀಲಕ್ಕೆ ಬೆರೆತ ಮೇಲೆ ಇದು ಯಾರ ಹೊಲದ್ದು ಎಂದು ಯಾರೂ ಆಣೆ ಮಾಡಲಾರರು. ಡಿಎನ್‌ಎ ಯಾರದು ಅನ್ನುವುದು ಒಂದು ಪ್ರಶ್ನೆ. ಅಲ್ಲಿಗೆ ಹೇಗೆ, ಯಾವಾಗ ಬಂತು ಅನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ.

“ಹತ್ತಿರದವರೇ ಮಾಡಿರ್ತಾರ, ಬೇಕಾದ್ರ ನೋಡ್ರಿ”

ಜಗತ್ತಿನಲ್ಲಿ ಕೊಲೆಯಾಗುವ ಹೆಂಗಸರಲ್ಲಿ ದೊಡ್ಡ ಪಾಲು ಸಂಗಾತಿಯ ಅಥವಾ ಮನೆಯವರ ಕೈಯಲ್ಲೇ ಸಾಯುತ್ತಾರೆ ಅನ್ನುವುದು ನಿಜ, ನಾಚಿಕೆಪಡಬೇಕಾದ ನಿಜ. ಅದಕ್ಕೇ ತನಿಖಾಧಿಕಾರಿ ಮೊದಲು ಮನೆಯವರನ್ನು ಮಾತಾಡಿಸುತ್ತಾನೆ. ಆದರೆ ಲೆಕ್ಕ ಹೇಳುವುದು ಸಾವಿರ ಪ್ರಕರಣಗಳ ಬಗ್ಗೆ. ಈ ಒಂದು ಮನೆಯ ಬಗ್ಗೆ ಅದು ಏನೂ ಹೇಳುವುದಿಲ್ಲ. ಕಾರವಾರದ ಮಗ್ಗುಲಿನ, ಗೋವಾದ ಕಾಣಕೋಣದಲ್ಲಿ 2017ರ ಮಾರ್ಚ್‌ನಲ್ಲಿ ಐರ್ಲೆಂಡ್ ಮೂಲದ ಪ್ರವಾಸಿ ಯುವತಿಯ ಕೊಲೆಯಾಯಿತು. ತನಿಖೆ, ವಿಚಾರಣೆ ಸೇರಿ ಸುಮಾರು ಎಂಟು ವರ್ಷ ನಡೆದು 2025ರ ಫೆಬ್ರುವರಿಯಲ್ಲಿ ಜೀವಾವಧಿ ಶಿಕ್ಷೆಯಾದದ್ದು ಅದೇ ಊರಿನ ಕಡೆಯ ಒಬ್ಬನಿಗೆ.

ಕಟ್ಟೆಯ ಮೇಲಿನ ತರ್ಕಕ್ಕೂ ನ್ಯಾಯಾಲಯದ ತರ್ಕಕ್ಕೂ ಇರುವ ಬೇರೆತನವನ್ನು 1984ರಲ್ಲಿ ಶರದ್ ಬಿರ್ಧಿಚಂದ್ ಸಾರ್ದಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿಟ್ಟಿತು. ಕಂಡ ಸಾಕ್ಷಿ ಇಲ್ಲದಾಗ ಸಂದರ್ಭಗಳು ಸರಪಳಿಯ ಹಾಗೆ ಕೊಂಡಿ ತಪ್ಪದೆ ಸೇರಬೇಕು, ಆರೋಪಿ ತಪ್ಪಿತಸ್ಥ ಅನ್ನುವುದನ್ನು ಬಿಟ್ಟು ಬೇರೆ ಯಾವ ಊಹೆಗೂ ಅಲ್ಲಿ ಜಾಗ ಉಳಿಯಬಾರದು. ಈ ಮಾತನ್ನು ನಾನು ಬಹಳ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಒಂದು ಕಥೆ ಸಂಗತಿಗಳಿಗೆ ಹೊಂದಿದರೆ ನಾವು ‘ಸಿಕ್ಕಿತು’ ಅನ್ನುತ್ತೇವೆ. ಕಾರ್ಣಿಕದ ಒಂದು ಸಾಲು ಮಳೆಗೂ ಹೊಂದುತ್ತದೆ, ಚುನಾವಣೆಗೂ ಹೊಂದುತ್ತದೆ. ನ್ಯಾಯಾಧೀಶರು ಕೇಳುವುದು ಇನ್ನೇನೇನು ಹೊಂದಬಹುದಿತ್ತು, ಅವನ್ನೆಲ್ಲ ಹೇಗೆ ತಳ್ಳಿಹಾಕಿದಿರಿ ಎಂದು.

“ಫೋಟೋ ಹಂಚಿದ್ರ ಸಹಾಯನ ಅಲ್ಲೇನ್ರಿ?”

2025ರ ಮಾರ್ಚ್ 6ರ ರಾತ್ರಿ ಗಂಗಾವತಿ ತಾಲೂಕಿನ ಸಾಣಾಪುರದ ಬಳಿ ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕ ಕೂತಿದ್ದ ಐವರ ಮೇಲೆ ದಾಳಿಯಾಯಿತು. ಮೂವರು ಗಂಡಸರನ್ನು ಕಾಲುವೆಗೆ ತಳ್ಳಿದರು. ಇಬ್ಬರು ಈಜಿ ಉಳಿದರು, ಒಡಿಶಾದ ಪ್ರವಾಸಿಯ ಶವ ಎರಡು ದಿನದ ಮೇಲೆ ಸಿಕ್ಕಿತು. ಇಸ್ರೇಲಿನ ಪ್ರವಾಸಿ ಮತ್ತು ಅವರಿಗೆ ಆತಿಥ್ಯ ಕೊಟ್ಟಿದ್ದ ಸ್ಥಳೀಯ ಮಹಿಳೆಯ ಮೇಲೆ ಅತ್ಯಾಚಾರ ನಡೆಯಿತು. ಎಷ್ಟೋ ದೂರದ ಮನೆಗಳಲ್ಲಿ ಅಂದು ನಮ್ಮ ತುಂಗಭದ್ರೆಯ ದಂಡೆಯೇ ಪರದೇಶವಾಗಿತ್ತು, ಅಲ್ಲಿನ ಜನ ನಮ್ಮ ಬಗ್ಗೆ ಊಹೆ ಕಟ್ಟುತ್ತಿದ್ದರು.

ಅತ್ಯಾಚಾರಕ್ಕೆ ಒಳಗಾದವರ ಹೆಸರು, ಫೋಟೋ, ಗುರುತು ಸಿಗುವ ಯಾವ ವಿವರವನ್ನೂ ಹಂಚುವುದು ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನಲ್ಲಿ ಎರಡು ವರ್ಷದವರೆಗೆ ಜೈಲು. ಇನ್ನು ಸಂಶಯದ ಆರೋಪಿಯ ಫೋಟೋ. ಜೈಲಿನಲ್ಲಿ ಹಲವರ ನಡುವೆ ಅವನನ್ನು ನಿಲ್ಲಿಸಿ ಬದುಕುಳಿದವರಿಂದ ಗುರುತಿಸುವ ಪರೇಡು ನಡೆಯುತ್ತದೆ. ಅದಕ್ಕೆ ಮೊದಲೇ ಆ ಮುಖ ಸಾವಿರ ಫೋನುಗಳಲ್ಲಿ ಹರಿದಾಡಿದ್ದರೆ ‘ಸಾಕ್ಷಿ ಗುರುತಿಸಿದ್ದು ಆ ರಾತ್ರಿ ಕಂಡ ಮುಖವನ್ನಲ್ಲ, ಫೋನಿನಲ್ಲಿ ಕಂಡ ಮುಖವನ್ನು’ ಎಂದು ಆರೋಪಿಯ ವಕೀಲರು ವಾದಿಸಬಹುದು, ಆ ವಾದಕ್ಕೆ ತೂಕವೂ ಇರುತ್ತದೆ. ನ್ಯಾಯ ಸಿಗಲಿ ಎಂದು ಹಂಚಿದ ಚಿತ್ರವೇ ತಪ್ಪಿತಸ್ಥನಿಗೆ ಬಾಗಿಲು ತೆರೆಯುತ್ತದೆ.

ಸಹಾಯ ಮಾಡಬೇಕೆಂದರೆ ಠಾಣೆಗೆ ಹೋಗಬೇಕು. ಯಾರಾದರೂ ಕಾಣೆಯಾದರೆ 24 ತಾಸು ಕಾಯಬೇಕು ಅನ್ನುವ ನಿಯಮ ನಮ್ಮ ಕಾನೂನಿನಲ್ಲಿ ಎಲ್ಲೂ ಇಲ್ಲ. ಕೂಡಲೇ ದೂರು ಕೊಡಬಹುದು. ಘಟನೆ ಯಾವ ಠಾಣೆಯ ಗಡಿಯಲ್ಲಾದರೂ ಹತ್ತಿರದ ಠಾಣೆ ಶೂನ್ಯ ಎಫ್‌ಐಆರ್ ದಾಖಲಿಸಬೇಕು.

ಪರಾಮಟ್ಟಾ ಪಾರ್ಕಿನಲ್ಲಿ ಈಗ ಆ ಮಹಿಳೆಯ ಹೆಸರಿನ ದಾರಿ ಇದೆ. ಅಂದು ಜನ ಹೂವಿಟ್ಟು ದೀಪ ಹಚ್ಚಿದ ಆ ಹಾದಿಯಲ್ಲಿ ಸಂಜೆ ಕೆಲಸ ಮುಗಿಸಿದವರು ಮನೆಗೆ ನಡೆದುಹೋಗುತ್ತಾರೆ. ಅವತ್ತು ಅಲ್ಲಿ ಏನನ್ನಾದರೂ ಕಣ್ಣಾರೆ ಕಂಡ ಒಬ್ಬರ ಮಾತಿಗಾಗಿ ಬೆಂಗಳೂರಿನ ಒಂದು ಮನೆ ಇನ್ನೂ ಕಾಯುತ್ತಿದೆ.