ಮಳೆ ಬಂದ್ರೆ ಸಾಕು ಮನೆ ಕರೆಂಟ್ ಟ್ರಿಪ್ ಆಗುತ್ತಾ? ಎಲೆಕ್ಟ್ರಿಷಿಯನ್ ಕರೆಯೋ ಮೊದಲು ಈ ಪರೀಕ್ಷೆ ಮಾಡಿ

ಮಳೆಗಾಲ ಶುರುವಾದರೆ ಹಳ್ಳಿ ಮನೆಗಳಲ್ಲಿ ಈ ತಲೆನೋವು ತಪ್ಪಿದ್ದಲ್ಲ. ಇದ್ದಕ್ಕಿದ್ದಂತೆ ಕರೆಂಟ್ ಹೋಗುತ್ತೆ, ಬೋರ್ಡಿನಲ್ಲಿ ಬಿದ್ದ ಸ್ವಿಚ್ ಎತ್ತಿದರೆ ಮತ್ತೆ ಬೀಳುತ್ತೆ. ಪೇಟೆಯಿಂದ ಎಲೆಕ್ಟ್ರಿಷಿಯನ್ ಬರಬೇಕು. ಎಷ್ಟೋ ಸಲ ರಿಪೇರಿ ಹತ್ತು ನಿಮಿಷದ್ದು, ದೋಷ ಎಲ್ಲಿದೆ ಅಂತ ಹುಡುಕೋದಕ್ಕೇ ಅರ್ಧ ದಿನ. ಆ ಹುಡುಕಾಟದ ದೊಡ್ಡ ಪಾಲನ್ನು ಒಂದು ಸ್ಕ್ರೂ ಕೂಡ ಬಿಚ್ಚದೆ ನೀವೇ ಮಾಡಬಹುದು. ರಿಪೇರಿ ಮಾತ್ರ ಗೊತ್ತಿರುವವರಿಗೇ ಬಿಡಿ.

ಎಚ್ಚರಿಕೆ: ಬೋರ್ಡ್ ಒದ್ದೆಯಾಗಿದ್ದರೆ, ಸುಟ್ಟ ವಾಸನೆ ಬರುತ್ತಿದ್ದರೆ ಅಥವಾ ಮನೆಯಲ್ಲಿ ಯಾರಿಗಾದರೂ ಶಾಕ್ ಹೊಡೆದಿದ್ದರೆ ಯಾವ ಪರೀಕ್ಷೆಯೂ ಬೇಡ. ಬೋರ್ಡ್ ಒಣಗಿದ್ದರೆ ಮೇನ್ ಆಫ್ ಮಾಡಿ ಫೋನ್ ಮಾಡಿ. ಒದ್ದೆಯಾಗಿದ್ದರೆ ಮುಟ್ಟದೆ ಫೋನ್ ಮಾಡಿ. ಪರೀಕ್ಷೆ ಮಾಡುವಾಗ ಕೈ ಒಣಗಿರಲಿ, ಕಾಲಿಗೆ ರಬ್ಬರ್ ಚಪ್ಪಲಿ ಇರಲಿ.

ಮೊದಲು: ತೊಂದರೆ ನಮ್ಮದಾ, ಲೈನಿನದ್ದಾ?

ಅಕ್ಕಪಕ್ಕದ ಮನೆಯಲ್ಲಿ ಕರೆಂಟ್ ಇದೆಯಾ ನೋಡಿ. ಆಮೇಲೆ ಮೀಟರ್ ನೋಡಿ. ಮೀಟರಿನ ಡಿಸ್‌ಪ್ಲೇಯೇ ಆರಿದ್ದರೆ ಅಥವಾ ಕಂಬದಿಂದ ಬರುವ ವೈರ್ ತುಂಡಾಗಿದ್ದರೆ ಅದು ಎಲೆಕ್ಟ್ರಿಷಿಯನ್ ಕೆಲಸವೇ ಅಲ್ಲ. 1912ಕ್ಕೆ ಕರೆ ಮಾಡಿ ದೂರು ದಾಖಲಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಕಂಬ ಹತ್ತುವ ಸಾಹಸ ಯಾರೂ ಮಾಡಬೇಡಿ.

ಇನ್ನೊಂದು ಲಕ್ಷಣ ಗೊತ್ತಿರಲಿ. ಕೆಲವು ಬಲ್ಬ್ ವಿಪರೀತ ಪ್ರಕಾಶವಾಗಿ, ಇನ್ನು ಕೆಲವು ಮಂಕಾಗಿ ಉರಿಯುತ್ತಿದ್ದರೆ ನ್ಯೂಟ್ರಲ್ ಕಟ್ ಆಗಿರುವ ಸಾಧ್ಯತೆ ಹೆಚ್ಚು. ತಕ್ಷಣ ಮೇನ್ ಆಫ್ ಮಾಡಿ. ತಡ ಮಾಡಿದರೆ ಟಿವಿ, ಫ್ರಿಜ್ ಸುಟ್ಟು ಹೋಗುತ್ತೆ.

ಬಿದ್ದಿದ್ದು ಯಾವ ಸ್ವಿಚ್?

ಬೋರ್ಡಿನಲ್ಲಿ ಎರಡು ಥರದ ಸ್ವಿಚ್ ಇರುತ್ತೆ. ಸಾಲಾಗಿ ಇರುವ ಸಣ್ಣವು ಎಂಸಿಬಿ. ಪಕ್ಕದಲ್ಲಿ 'ಟಿ' ಅಂತ ಬರೆದ ಸಣ್ಣ ಬಟನ್ ಇರುವುದು ಆರ್‌ಸಿಸಿಬಿ. ನಮ್ಮ ಕಡೆ ಇದನ್ನು ಇಎಲ್‌ಸಿಬಿ ಅಂತಲೇ ಕರೆಯೋದು.

ಎಂಸಿಬಿ ಬಿದ್ದರೆ ಓವರ್‌ಲೋಡ್ ಅಥವಾ ಶಾರ್ಟ್. ಎತ್ತಿದ ಕೂಡಲೇ ಬಿದ್ದರೆ ಹೆಚ್ಚಾಗಿ ಶಾರ್ಟ್, ಸ್ವಲ್ಪ ಹೊತ್ತು ನಡೆದು ಬಿದ್ದರೆ ಹೆಚ್ಚಾಗಿ ಓವರ್‌ಲೋಡ್. ಲೆಕ್ಕ ಸುಲಭ: 230 ವೋಲ್ಟಿನಲ್ಲಿ 16 ಆಂಪಿಯರ್ ಎಂಸಿಬಿ ಸುಮಾರು 3,680 ವ್ಯಾಟ್ ತಡೆಯುತ್ತೆ. ಅದೇ ಲೈನಿನಲ್ಲಿ 2,000 ವ್ಯಾಟಿನ ಗೀಸರ್, 1,000 ವ್ಯಾಟಿನ ಇಸ್ತ್ರಿಪೆಟ್ಟಿಗೆ, 1,500 ವ್ಯಾಟಿನ ವಾಟರ್ ಹೀಟರ್ ಒಟ್ಟಿಗೆ ಹಾಕಿದರೆ 4,500 ಆಯ್ತು. ಇಲ್ಲಿ ದೋಷವೇ ಇಲ್ಲ, ಒಂದನ್ನು ಆಫ್ ಮಾಡಿದರೆ ಸಾಕು.

ಇಎಲ್‌ಸಿಬಿ ಬಿದ್ದರೆ ವಿಷಯ ಬೇರೆ. ಹೋದ ಕರೆಂಟ್ ಪೂರ್ತಿ ವಾಪಸ್ ಬರ್ತಿಲ್ಲ, ಎಲ್ಲೋ ಭೂಮಿಗೆ ಸೋರುತ್ತಿದೆ ಅಂತ ಅರ್ಥ. ಮನೆಗೆ ಹಾಕುವ ಇಎಲ್‌ಸಿಬಿ ಸಾಮಾನ್ಯವಾಗಿ 30 ಮಿಲಿಆಂಪಿಯರ್ ಸೋರಿಕೆಗೇ ಬೀಳುತ್ತೆ. ಅದು ನಿಮ್ಮ ಜೀವ ಕಾಯುವ ಸ್ವಿಚ್.

ಸೋರಿಕೆ ಹುಡುಕೋದು ಹೀಗೆ

1. ಮನೆಯ ಎಲ್ಲ ಪ್ಲಗ್ ಕಿತ್ತುಹಾಕಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಸ್ವಿಚ್ ಕಡಿಯೋದು ಫೇಸ್ ಮಾತ್ರ, ನ್ಯೂಟ್ರಲ್ ಹಾಗೇ ಇರುತ್ತೆ. ಎಷ್ಟೋ ಜನ ಎಡವೋದು ಇಲ್ಲೇ.

2. ಎಲ್ಲ ಎಂಸಿಬಿ ಕೆಳಗೆ ಮಾಡಿ ಇಎಲ್‌ಸಿಬಿ ಎತ್ತಿ. ಆಗಲೂ ಬಿದ್ದರೆ ಇಎಲ್‌ಸಿಬಿಯೇ ಕೆಟ್ಟಿರಬಹುದು ಅಥವಾ ನ್ಯೂಟ್ರಲ್ ವೈರ್ ಎಲ್ಲೋ ಅರ್ಥಿಗೆ ತಾಗಿರಬಹುದು. ಇಲ್ಲಿಗೆ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಯಿರಿ.

3. ನಿಂತರೆ ಎಂಸಿಬಿಗಳನ್ನು ಒಂದೊಂದಾಗಿ ಎತ್ತಿ. ಯಾವುದನ್ನು ಎತ್ತಿದಾಗ ಬೀಳುತ್ತೋ ಆ ಲೈನಿನಲ್ಲಿ ದೋಷ. ಅದನ್ನು ಕೆಳಗಿಟ್ಟು ಉಳಿದ ಮನೆಗೆ ಕರೆಂಟ್ ಬಳಸಬಹುದು.

4. ಎಲ್ಲವೂ ನಿಂತರೆ ಪ್ಲಗ್‌ಗಳನ್ನು ಒಂದೊಂದಾಗಿ ಹಾಕಿ ಆನ್ ಮಾಡಿ. ಬೀಳಿಸಿದ ಸಾಮಾನೇ ಕಳ್ಳ. ನೀರಿನ ಸಹವಾಸ ಇರುವ ಗೀಸರ್, ಸಂಪಿನ ಮೋಟರ್, ಗ್ರೈಂಡರ್ ಮೇಲೆ ಮೊದಲು ಅನುಮಾನ ಪಡಿ.

ಕೊಟ್ಟಿಗೆಯ ಲೈನನ್ನು ಮರೆಯಬೇಡಿ. ಮನೆಯಿಂದ ಎಳೆದ ವೈರ್, ಇಲಿ ಕಡಿದ ಪೈಪ್, ಹೊಲ್ಡರ್ ಮೇಲೆ ಸೋರುವ ಹಂಚು, ಸ್ವಿಚ್ ಬಾಕ್ಸಿನಲ್ಲಿ ಸತ್ತ ಹಲ್ಲಿ, ಮೇವು ಕತ್ತರಿಸುವ ಮೆಷಿನ್ನು ಎಲ್ಲ ಇರೋದು ಅಲ್ಲೇ. ಒದ್ದೆ ನೆಲದ ಮೇಲೆ ನಿಂತ ದನಕ್ಕೆ ಮನುಷ್ಯರಿಗಿಂತ ಕಡಿಮೆ ವೋಲ್ಟೇಜೇ ಅಪಾಯ. ಬಟ್ಟೆ ಒಣಹಾಕುವ ತಂತಿ ಕರೆಂಟ್ ವೈರಿನ ಹತ್ತಿರವೂ ಸುಳಿಯಬಾರದು.

ಇಎಲ್‌ಸಿಬಿಯೇ ಇಲ್ಲದ ಮನೆಯಲ್ಲಿ?

ಪ್ಲಗ್ ಎಲ್ಲ ಕಿತ್ತು, ಇನ್ವರ್ಟರ್ ಇದ್ದರೆ ಅದನ್ನೂ ಬಿಡಿಸಿ, ಲೈಟು ಫ್ಯಾನು ಆಫ್ ಮಾಡಿ, ಮೇನ್ ಮಾತ್ರ ಆನ್ ಇಡಿ. ಈಗ ಮೀಟರಿನ ಕೆಂಪು ದೀಪ ಮಿನುಗಬಾರದು. ಹತ್ತು ನಿಮಿಷ ನೋಡಿ. ಮಿನುಗಿದರೆ ಕರೆಂಟ್ ಎಲ್ಲೋ ಹೋಗುತ್ತಿದೆ. ಬರೀ ಅರ್ಧ ಆಂಪಿಯರ್ ಸೋರಿದರೂ 115 ವ್ಯಾಟ್, ತಿಂಗಳಿಗೆ ಸುಮಾರು 83 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಮಿತಿ ದಾಟಿ ಪೂರ್ತಿ ಬಿಲ್ ಬರೋದಕ್ಕೆ ಇಷ್ಟೇ ಸಾಕಾಗಬಹುದು.

ಕೂಲಿ ಉಳಿಯೋದು ಎಲ್ಲಿ?

ಬಂದು ನೋಡೋಕೆ 300 ರೂಪಾಯಿ, ಆಮೇಲೆ ಗಂಟೆಗೆ 200 ಅಂತ ಇಟ್ಟುಕೊಳ್ಳಿ. ನಾಲ್ಕು ಗಂಟೆ ಹುಡುಕಿದರೆ 1,100. ದೋಷ ಇರುವ ಲೈನ್ ನೀವೇ ತೋರಿಸಿ ಒಂದು ಗಂಟೆಯಲ್ಲಿ ಮುಗಿದರೆ 500. ಸಾಮಾನಿನ ಖರ್ಚು ಬೇರೆ.

ಫೋನ್ ಮಾಡುವಾಗ "ಕರೆಂಟ್ ಹೋಗಿದೆ ಬನ್ನಿ ಅಣ್ಣಾ" ಅನ್ನಬೇಡಿ. "ಇಎಲ್‌ಸಿಬಿ ಬೀಳ್ತಿದೆ, ಕೊಟ್ಟಿಗೆ ಎಂಸಿಬಿ ಎತ್ತಿದಾಗ ಮಾತ್ರ" ಅನ್ನಿ. ಬೋರ್ಡಿನ ಫೋಟೋ, ಎಂಸಿಬಿ ಮೇಲಿನ ನಂಬರ್ ಕಾಣುವಂತೆ, ವಾಟ್ಸಾಪ್ ಮಾಡಿ. ಬೇಕಾದ ಸಾಮಾನು ಜೊತೆಗೇ ತರ್ತಾರೆ, ಪೇಟೆಗೆ ಎರಡನೇ ಓಡಾಟ ತಪ್ಪುತ್ತೆ. ಬರುವ ಮೊದಲೇ ಕೇಳಿ: ಬಂದು ನೋಡುವ ಚಾರ್ಜ್ ಎಷ್ಟು, ಅದು ಕೂಲಿಯಲ್ಲಿ ಕಳೆಯುತ್ತಾ, ಸಾಮಾನು ಯಾರು ತರಬೇಕು? ಐಎಸ್‌ಐ ಗುರುತಿನ ಸಾಮಾನನ್ನೇ ಹಾಕಿಸಿ, ಅಂಗಡಿ ಬಿಲ್ ಇಟ್ಟುಕೊಳ್ಳಿ. ವೈರ್‌ಮನ್ ಪರ್ಮಿಟ್ ಇದೆಯಾ ಅಂತ ಕೇಳೋದಕ್ಕೂ ಸಂಕೋಚ ಬೇಡ.

ಹಣ ಉಳಿಸೋಕೆ ಹೋಗಿ ಇವನ್ನು ಮಾತ್ರ ಮಾಡಬೇಡಿ

ಪದೇ ಪದೇ ಬೀಳುತ್ತೆ ಅಂತ ಇಎಲ್‌ಸಿಬಿ ತಪ್ಪಿಸಿ ನೇರ ಕನೆಕ್ಷನ್ ಕೊಡಿಸಬೇಡಿ. ಕರೆಂಟ್ ಬರುತ್ತೆ ನಿಜ, ಆದರೆ ಸೋರಿಕೆ ಹಾಗೇ ಇರುತ್ತೆ. ಮುಂದಿನ ಸಲ ಅದು ಗೀಸರ್ ನಲ್ಲಿ ಹಿಡಿದವರ ಕೈಗೆ ಸಿಗುತ್ತೆ. ಫ್ಯೂಸಿಗೆ ದಪ್ಪ ತಂತಿ ಸುತ್ತಬೇಡಿ, 16ರ ಎಂಸಿಬಿ ಜಾಗಕ್ಕೆ 32 ಹಾಕಿಸಬೇಡಿ. ಸ್ವಿಚ್ ಬೀಳದಿದ್ದರೆ ವೈರ್ ಸುಡುತ್ತೆ.

ತಿಂಗಳಿಗೊಮ್ಮೆ 'ಟಿ' ಬಟನ್ ಒತ್ತಿ ನೋಡಿ. ತಕ್ಷಣ ಬೀಳಬೇಕು. ಬೀಳದಿದ್ದರೆ ಅದು ಗೋಡೆಯ ಮೇಲಿನ ಅಲಂಕಾರ ಅಷ್ಟೇ, ಬದಲಾಯಿಸಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ಆಗಾಗ ನಾಲ್ಕು ಕೊಡ ನೀರು ಹಾಕಿ. ಇಷ್ಟು ಮಾಡಿದ ಮೇಲೂ ಎಲೆಕ್ಟ್ರಿಷಿಯನ್ ಬೇಕಾದರೆ ಅವರಿಗೆ ಕೊಡುವ 500 ರೂಪಾಯಿ ದಂಡ ಅಲ್ಲ, ಮನೆಯವರ ಮತ್ತು ಕೊಟ್ಟಿಗೆಯ ಜೀವಕ್ಕೆ ಕಟ್ಟಿದ ಕಾವಲು.